ಮುದ್ದೇಬಿಹಾಳ ಬರುವುದರೊಳಗೆ

ನಮ್ಮ ಮನೆಯ ಕೂಸು ಜೋಗುಳಕ್ಕೆ ಮಲಗುವುದಿಲ್ಲ. ಹಾಡಿದರೆ ಕಣ್ಣು ಇನ್ನಷ್ಟು ಅಗಲ ಮಾಡಿಕೊಂಡು ನಮ್ಮ ಬಾಯಿಯನ್ನೇ ನೋಡುತ್ತದೆ. ಅದು ಮಲಗುವುದು ಊರುಗಳ ಹೆಸರು ಕೇಳಿ. "ಆಲಮೇಲ, ಸಿಂದಗಿ, ದೇವರ ಹಿಪ್ಪರಗಿ, ಬಾಗೇವಾಡಿ, ಹೂವಿನ ಹಿಪ್ಪರಗಿ, ಮುದ್ದೇಬಿಹಾಳ." ನಮ್ಮಪ್ಪ ಅಪ್ಪಾಸಾಬ ಬಸ್ ಕಂಡಕ್ಟರ್ ಆಗಿದ್ದಾಗ ಅವನ ಕೊನೆಯ ರೂಟು ಅದು. ಅಪ್ಪ ರಿಟೈರಾದರೂ ಅಪ್ಪನ ಬಾಯಿ ರಿಟೈರಾಗಿರಲಿಲ್ಲ. ಒಂದು ದಿನ ರಂಪ ಮಾಡುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಅಂಗಳದಲ್ಲಿ ಸ್ಟಾಪು ಕೂಗುತ್ತ ತಿರುಗಾಡಿದ. ಬಾಗೇವಾಡಿ ದಾಟುವುದರೊಳಗೆ ಕೂಸು ನಿದ್ದೆ ಹೋಗಿತ್ತು. ಅಂದಿನಿಂದ ಅದೇ ಜೋಗುಳ. ಮುದ್ದೇಬಿಹಾಳದ ಹೆಸರನ್ನು ನಮ್ಮ ಮನೆಯಲ್ಲಿ ಕೂಸು ಸಮ್ಯಕ ಎಚ್ಚರವಿದ್ದು ಕೇಳಿದ್ದೇ ಇಲ್ಲ. ಅವನ ಅಪ್ಪ ಇರುವುದು ಅದೇ ಊರಲ್ಲಿ.

ಸಮ್ಯಕ ನನ್ನ ಮಗನಲ್ಲ, ಅಕ್ಕ ಸಾಕ್ಷಿಯ ಮಗ. ಮೊದಲ ಹೆರಿಗೆಗೆಂದು ಆಲಮೇಲಕ್ಕೆ, ನಮ್ಮ ಮನೆಗೆ ಬಂದವಳು ಅವನನ್ನು ಹೆತ್ತು ವಾರ ತುಂಬುವುದರೊಳಗೆ ಜ್ವರ ಏರಿ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕಾಲು ತೊಳೆಯುವಾಗ ಒಳಗೆ ಕೂಸು ಹಸಿದು ಅಳುತ್ತಿತ್ತು. ಅವ್ವ ಸಾವಂತ್ರವ್ವ ಗೋಡೆಗೊರಗಿ ಕೂತಲ್ಲಿಂದ ಏಳಲಿಲ್ಲ. ಡಬ್ಬಿ ಹಾಲು ಕಲಸಿದವಳು ನಾನು. ಆಮೇಲೆ ಆ ಕೆಲಸ ಯಾರೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ, ನಾನೂ ಕೊಡಲಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ. ಹಗಲೆಲ್ಲ ಬೇರೆಯವರ ಮಕ್ಕಳಿಗೆ ಗದರಿಸಿ, ಗಂಟೆ ಬಾರಿಸಿದ ಕೂಡಲೇ ಮನೆಗೆ ಓಡುತ್ತಿದ್ದೆ.

ಅಕ್ಕನ ಗಂಡ ಧರ್ಮರಾಜ ಮಾವ ಮುದ್ದೇಬಿಹಾಳದಲ್ಲಿ ಕಾಲುವೆ ಆಫೀಸಿನ ಗುಮಾಸ್ತ. ಭಾನುವಾರ ಬಂದು, ಬಿಸ್ಕಿಟ್ ಪುಡಿಕೆ ಇಟ್ಟು, ಮಂಚದ ಅಂಚಿನ ಮೇಲೆ ನೆಂಟರ ಹಾಗೆ ಕೂತು ಹೋಗುತ್ತಿದ್ದ. ಕೂಸನ್ನು ಎತ್ತಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ. ಎತ್ತಿಕೊಂಡರೂ ಅಕ್ಕಿ ಚೀಲ ಎತ್ತಿದ ಹಾಗೆ.

ಯುಗಾದಿ ಹೊತ್ತಿಗೆ ಅವನ ಸೋದರತ್ತೆ ಸಿದ್ದಲಿಂಗವ್ವ ಬಂದಳು. ಚಹಾ ಕೈಗೆ ತೆಗೆದುಕೊಳ್ಳುವ ಮೊದಲೇ ನನ್ನ ಕಡೆ ಕೈ ತೋರಿಸಿ ಮಾತು ತೆಗೆದಳು: "ಕೂಸಿಗೆ ತಾಯಿ ಬೇಕಲ್ಲಬೇ ಸಾವಂತ್ರವ್ವ. ಪ್ರಜ್ಞಾ ಮನ್ಯಾಗ ಇರೂವಾಗ ಹೊರಗ ಯಾಕ ಹುಡುಕೂದು?"

ನಮ್ಮ ಕಡೆ ಇದು ಹೊಸದೇನಲ್ಲ. ಕೂಸು ಬಿಟ್ಟು ಅಕ್ಕ ಸತ್ತರೆ ಆ ಜಾಗಕ್ಕೆ ತಂಗಿ ಹೋಗುತ್ತಾಳೆ. ಕೂಸಿನ ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ, ತಂಗಿಯ ಮುಖ ಯಾರೂ ನೋಡುವುದಿಲ್ಲ. ನನಗೆ ತಲೆ ಕೆಟ್ಟಿತು. "ಅಕ್ಕನ ಸೀರಿ ಬೇಕಾದ್ರ ಉಡ್ತೇನಿ. ಆಕಿ ಗಂಡನ್ನ ಉಡಾಕ ಬರೂದಿಲ್ಲ!" ಅಂದುಬಿಟ್ಟೆ. ಎದುರು ಮನೆಯವರಿಗೂ ಕೇಳುವಷ್ಟು ಜೋರಾಗಿ ಅಂದೆ. ಸಿದ್ದಲಿಂಗವ್ವ ಚಹಾ ಅರ್ಧಕ್ಕೆ ಬಿಟ್ಟು ಎದ್ದಳು. ಹೊರಗೆ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಮಾವ, ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡ.

ನನ್ನ ತೊಂದರೆ ಇಷ್ಟೇ. ಅಪ್ಪ ಬೇಡ, ಮಗ ಬೇಕು. ಅಂಗಡಿಗೆ ಹೋಗಿ ಹೀಗೆ ಕೇಳಿದರೆ ಬೈದು ಕಳಿಸುತ್ತಾರೆ. ಆದರೆ ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಕೂಸನ್ನು ಬಿಟ್ಟು ಈ ಲೋಕದಲ್ಲಿ ಬೇರೇನೂ ಬೇಕಾಗಿರಲಿಲ್ಲ.

ಮುಂದೆ ಯಾರೂ ಆ ಮಾತು ಎತ್ತಲಿಲ್ಲ. ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಹೆದರದವರು ಇಲ್ಲ. ದಸರಾ ಸೂಟಿ ಹತ್ತಿರ ಬಂದಾಗ ಮಾವನೇ ಬಂದು, ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದ: "ಸಾಕ್ಷಿ ಆಸೆ ಒಂದಿತ್ತಲ್ರಿ, ಲುಂಬಿನಿಗೆ ಹೋಗೂದು. ನಾವೆಲ್ಲಾರೂ ಹೋಗಿ ಬರೂಣು."

ಆಸೆ ಇದ್ದದ್ದು ಹೌದು. ಬಸುರಿಯಾಗಿದ್ದಾಗ ಅಕ್ಕ ಮೊಬೈಲಿನಲ್ಲಿ ನೇಪಾಳದ ಲುಂಬಿನಿಯ ವಿಡಿಯೋ ನೋಡಿದ್ದೇ ನೋಡಿದ್ದು. "ಕೂಸು ಹುಟ್ಟಿದ ಮ್ಯಾಲ ಮೊದಲ್ನೇ ದಸರಾ ಸೂಟಿಗೆ ಫಾರಿನ್ನಿಗೆ ಹೋಗೂಣು. ಪಾಸ್‌ಪೋರ್ಟ್ ಬ್ಯಾಡ, ವೀಸಾ ಬ್ಯಾಡ, ನಮ್ಮಂಥವರ ಫಾರಿನ್ ಅದು. ಬುದ್ಧ ಹುಟ್ಟಿದಲ್ಲಿ ನನ್ನ ಮಗನ್ನ ಮಲಗಸ್ತೇನಿ ನೋಡು" ಅನ್ನುತ್ತಿದ್ದಳು. ಮಗನೇ ಹುಟ್ಟುತ್ತಾನೆಂದು ಅವಳಿಗೆ ಯಾರು ಹೇಳಿದ್ದರೋ.

ಆದರೂ ನನಗೆ ವಾಸನೆ ಹತ್ತಿತು. ಇದು ನನ್ನನ್ನು ಒಲಿಸಿಕೊಳ್ಳಲು ಎಲ್ಲರೂ ಸೇರಿ ಹೂಡಿದ ಆಟ. ಅಕ್ಕನ ಹೆಸರು ಮುಂದಿಟ್ಟುಕೊಂಡು ಪರದೇಶದಲ್ಲಿ ನನ್ನನ್ನು ಮೆತ್ತಗೆ ಮಾಡುವುದು. ಆಗಲಿ, ನಾನೂ ನೋಡುತ್ತೇನೆ ಎಂದು ಸೊಂಟ ಕಟ್ಟಿದೆ.

ಅವ್ವ ಕೂಸಿನ ಬಟ್ಟೆ ತುಂಬಿದ್ದು ಎರಡು ಚೀಲ. ಕುಂಚಿಗೆ, ಕುಲಾವಿ, ಉಣ್ಣೆ ಅಂಗಿ, ತೊಟ್ಟಿಲ ದುಪ್ಪಟಿ, ಅವನಿಗೆ ಯಾವಾಗಲೋ ಸಣ್ಣದಾಗಿಹೋಗಿದ್ದ ಜಬಲಾ ಕೂಡ. "ಮನಿ ಸಾಮಾನೆಲ್ಲಾ ಹೊತಗೊಂಡು ಹೊಂಟೀಯೇನು?" ಎಂದು ಕೇಳಿದೆ. "ಅಲ್ಲಿ ಥಂಡಿ ಇರ್ತೈತಿ" ಅಂದು ಅವ್ವ ಚೀಲದ ಬಾಯಿ ಕಟ್ಟಿದಳು. ಥಂಡಿಗೂ ಸಣ್ಣ ಜಬಲಾಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ.

ಸೊಲ್ಲಾಪುರದ ಬಸ್ಸು ಭೀಮಾ ಸೇತುವೆ ಏರುವ ಮೊದಲು ಅವ್ವ ಕೊಬ್ಬರಿ ಬಟ್ಟಲು ಹೊರಗೆ ತೆಗೆದಳು. ಕೂಸು ಮೊದಲ ಸಲ ಹೊಳೆ ದಾಟುವಾಗ ಹೊಳೆಗೆ ಕೊಬ್ಬರಿ ಕೊಡಬೇಕು. ಅಪ್ಪ ಗೊಣಗಿದ: "ಬುದ್ಧನ ಕಡೆ ಹೊಂಟೀವಿ, ಇದನ್ನೆಲ್ಲಾ ಬಿಡಬೇ. ಧಮ್ಮದಾಗ ಇದು ಇಲ್ಲ."

"ಧಮ್ಮ ನಿಮಗ ಗೊತ್ತೈತ್ರಿ, ಹೊಳಿಗೆ ಗೊತ್ತಿಲ್ಲ" ಅಂದಳು ಅವ್ವ. ಕೊಬ್ಬರಿಯನ್ನು ನನ್ನ ಕೈಗಿಟ್ಟಳು. "ತಾಯಿ ಎಸೀಬೇಕು ಇದನ್ನ. ನೀನ ಎಸಿ."

ಇದೂ ಆಟದ ಒಂದು ಕಾಯಿ ಅಂದುಕೊಂಡೆ. ಆದರೂ ಎಸೆದೆ. ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ದೂರಕ್ಕೆ ಎಸೆದೆ. ಅವ್ವನ ಕಣ್ಣು ತುಂಬಿತ್ತು. ಬಿಸಿಲಿಗೆ ಇರಬೇಕು ಎಂದು ಬಿಟ್ಟುಬಿಟ್ಟೆ.

ರೈಲಿನಲ್ಲಿ ಮಾವನ ವರಸೆ ಬದಲಾಯಿತು. ಮಂಚದ ಅಂಚಿನ ನೆಂಟ ಈಗ ನನ್ನ ಎದುರಿನ ಸೀಟಿನಲ್ಲಿ ಕೂತು ಒಂದೊಂದನ್ನೇ ಕೇಳತೊಡಗಿದ. ಗಂಜಿ ಹಿಟ್ಟು ಎಷ್ಟು ಚಮಚ, ನೀರು ಎಷ್ಟು ಬಿಸಿ, ಗಂಟಾಗದ ಹಾಗೆ ಹೇಗೆ ಕಲಸುವುದು. ಮೊದಲ ಸಲ ಕಲಸಿದ್ದನ್ನು ಗೋಡೆಗೆ ಹಚ್ಚಬಹುದಾಗಿತ್ತು. ನಾನು ಬೈದೆ, ಅವನು ಮತ್ತೆ ಕಲಸಿದ. ರೈಲಿನ ಪುಟ್ಟ ತೊಟ್ಟಿಯಲ್ಲಿ ಕೂಸಿನ ಲಂಗೋಟಿ ಹಿಂಡಿ ತಂದು ಕಿಟಕಿಗೆ ಕಟ್ಟಿದ. ಊರ ಹೆಸರನ್ನೂ ಕಲಿಯಲು ಹೋಗಿ ತಪ್ಪಿದ.

"ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿ, ಬಾಗೇವಾಡಿ..."

"ಮೊದ್ಲ ಬಾಗೇವಾಡಿರಿ ಮಾವ! ಆ ರೂಟಿನ್ಯಾಗ ಅಡ್ಯಾಡ್ತೀರಿ, ಇಷ್ಟೂ ಗೊತ್ತಿಲ್ಲ?"

ಎಲ್ಲ ನನ್ನ ಕಣ್ಣಿಗೆ ಬೀಳಲೆಂದೇ ಮಾಡುತ್ತಿದ್ದಾನೆ ಎಂದು ನನಗೆ ಒಳಗೊಳಗೇ ನಗು, ಸಿಟ್ಟು ಎರಡೂ. ಒಂದನ್ನು ಮಾತ್ರ ನಾನು ಹೇಳಿಕೊಡಲಿಲ್ಲ. ಹಲ್ಲು ಬರಲು ಶುರುವಾದ ಮೇಲೆ ಸಮ್ಯಕನಿಗೆ ಬರೀ ಊರ ಹೆಸರು ಸಾಲುತ್ತಿರಲಿಲ್ಲ. ಹೆಸರು ಹೇಳುತ್ತ ಎಡಗಿವಿಯ ತುದಿಯನ್ನು ಎರಡು ಬೆರಳ ನಡುವೆ ಮೆಲ್ಲಗೆ ತಿಕ್ಕಬೇಕು. ಬಲಗಿವಿ ಮುಟ್ಟಿದರೆ ಕೈ ಕೊಡವುತ್ತಾನೆ. ವೇಲಿನ ಮರೆಯಲ್ಲಿ ನಾನು ಮಾಡುತ್ತಿದ್ದ ಈ ಕೆಲಸ ಅಪ್ಪನಿಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ. ಮಾವ ಸರಿಯಾಗಿ ಹೇಳಿ ಮುದ್ದೇಬಿಹಾಳ ಮುಟ್ಟಿದರೂ ಕೂಸು ಪಿಳಿಪಿಳಿ ನೋಡುತ್ತಿತ್ತು. ಕಡೆಗೆ ನನ್ನ ಕಡೆ ಕೈ ಚಾಚುತ್ತಿತ್ತು. ಹಾಗೆ ಚಾಚಿದಾಗಲೆಲ್ಲ ನನಗೆ ಗೆದ್ದ ಹಾಗೆ ಆಗುತ್ತಿತ್ತು.

ಗೋರಖಪುರದಲ್ಲಿ ಇಳಿದು, ಬಸ್ಸು ಹಿಡಿದು, ಸೋನೌಲಿಯ ಗೇಟನ್ನು ನಡೆದೇ ದಾಟಿದೆವು. ಒಂದು ಕಮಾನು, ಆ ಕಡೆ ಇನ್ನೊಂದು ದೇಶ. ಅಪ್ಪ ಹಳೆಯ ಚಾಳಿಯಂತೆ ನಮ್ಮ ತಲೆ ಎಣಿಸಿದ, ಕೊನೆಗೆ ಕೂಸಿನ ತಲೆ ತಟ್ಟಿ "ರೈಟ್" ಅಂದ. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ ಎಂದು ತಿಳಿದಾಗ ಅವನಿಗೆ ಬಹಳ ಬೇಸರವಾಯಿತು. ಟೈಮ್ ಕೀಪರ್‌ಗೆ ಬುದ್ಧಿ ಇಲ್ಲ ಅಂದ. ಲುಂಬಿನಿ ಬಸ್ಸಿನಲ್ಲಿ ಅವ್ವ ಆಧಾರ್ ಕಾರ್ಡ್ ತೆಗೆದು ತೋರಿಸಿದಳು. ಕಂಡಕ್ಟರ್ ಹುಡುಗ ತಲೆ ಅಲ್ಲಾಡಿಸಿ ದುಡ್ಡು ಕೇಳಿದ. "ಏನಬೇ, ಇವರ ದೇಶದಾಗ ಹೆಣ್ಮಕ್ಕಳಿಗೆ ಫ್ರೀ ಇಲ್ಲೇನು?" ಎಂದು ಅವ್ವ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು. ನಾನು ನಕ್ಕೆ. ಅಕ್ಕ ಸತ್ತ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದು ಅದೇ ಮೊದಲು. ನಾನು ನಕ್ಕಿದ್ದಕ್ಕೆ ಸಮ್ಯಕನೂ ಎರಡು ಹಲ್ಲು ತೋರಿಸಿ ನಕ್ಕ. ಹಿಂದಿನ ಸೀಟಿನ ಹೆಂಗಸು ನನ್ನನ್ನೂ ಮಾವನನ್ನೂ ನೋಡಿ, ಕೂಸು ಯಾರ ಹಾಗಿದೆ ಎಂದು ಹಿಂದಿಯಲ್ಲಿ ಕೇಳಿದಳು. ಮಾವ ಕಿಟಕಿಯ ಹೊರಗೆ ನೋಡಿದ. ನಾನು "ಇವನ ತಾಯಿಯ ಹಾಗೆ" ಅಂದೆ.

ಲುಂಬಿನಿಯ ಅಂಗಡಿ ಸಾಲಿನಲ್ಲಿ ಮಾವ ಅಪ್ಪನಿಗೊಂದು ಟೊಪ್ಪಿಗೆ, ಅವ್ವನಿಗೂ ನನಗೂ ಒಂದೊಂದು ಶಾಲು ತಂದ. "ಆಯೇರ ಅಂತ ತಿಳೀರಿ. ಬ್ಯಾಡ ಅನಬ್ಯಾಡ್ರಿ" ಅಂದ. ಬೀಗರು ಬೀಗರಿಗೆ ಕೊಡುವ ಬಟ್ಟೆ ಅಲ್ಲವೇ ಆಯೇರ ಅಂದರೆ. ಲಗ್ನದ ಮಾತು ಬಂತೇ ಬಂತು ಎಂದು ಕಾದೆ. ಬರಲಿಲ್ಲ. ನನ್ನದು ಕಡುನೀಲಿ ಶಾಲು. ಮಡಿಕೆ ಬಿಚ್ಚದೆ ಚೀಲದ ತಳಕ್ಕೆ ಹಾಕಿದೆ.

ಮಾಯಾದೇವಿಯ ಗುಡಿ ಗುಡಿಯ ಹಾಗಿಲ್ಲ. ಬಿಳಿಯ ಕಟ್ಟಡದೊಳಗೆ ಹಳೆಯ ಇಟ್ಟಿಗೆಯ ಗೋಡೆಗಳು, ನಡುವೆ ಗಾಜಿನ ಕೆಳಗೊಂದು ಕಲ್ಲು. ಬುದ್ಧ ಹುಟ್ಟಿದ ಜಾಗ ಎಂದು ಜನ ಸಾಲಾಗಿ ಬಂದು ಬಗ್ಗಿ ನೋಡುತ್ತಾರೆ. ನಮ್ಮ ಸರದಿ ಬಂದಾಗ ಅಪ್ಪ ಕೂಸನ್ನು ಎತ್ತಿ ಹಿಡಿದು ತೋರಿಸಿದ. ಕೂಸು ಗಾಜಿನ ಕಡೆ ಉಗುಳಿನ ಗುಳ್ಳೆ ಊದಿತು. ಹೊರಗೆ ಬಂದ ಮೇಲೆ ಅಪ್ಪ ಕೊಳದ ಮೆಟ್ಟಿಲ ಮೇಲೆ ಕೂತು, ಯಾರನ್ನೂ ನೋಡದೆ ಹೇಳಿದ:

"ಬುದ್ಧನ್ನ ಹಡದು ಮಹಾಮಾಯಿ ವಾರದಾಗ ಹೋದಳು. ಕೂಸನ್ನ ಎತಗೊಂಡಾಕಿ ಆಕಿ ತಂಗಿ, ಗೌತಮಿ. ಹಡದಾಕಿ ಹೆಸರು ಗುಡಿಗೆ ಇಟ್ಟಾರ. ಸಾಕಿದಾಕಿ ಹೆಸರು ಮಗನ ಹೆಸರಿನ್ಯಾಗ ಉಳದೈತಿ, ಗೌತಮ ಅಂತ. ಸಾಕಿದ್ದು ಎಲ್ಲಿಗೂ ಹೋಗೂದಿಲ್ಲವ್ವಾ."

ಕೊನೆಯ ಮಾತಿಗೆ ಅವನು ಟೊಪ್ಪಿಗೆಯನ್ನು ಕಣ್ಣಿನವರೆಗೆ ಎಳೆದುಕೊಂಡ. ಗೌತಮಿ ಅಕ್ಕನ ಗಂಡನನ್ನೇ ಮದುವೆಯಾದಳು ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇಲ್ಲ ಅಂದುಕೊಂಡೆ. ಆದರೆ ಸಿಟ್ಟು ಬರಬೇಕಾದಲ್ಲಿ ಬರಲಿಲ್ಲ.

ಅದೇ ಮಧ್ಯಾಹ್ನ ಸಮ್ಯಕನಿಗೆ ಜ್ವರ ಬಂತು. ಮೈ ಕಾದ ಹಂಚಾಯಿತು. ಗಂಜಿ ಉಗುಳಿದ, ನೀರು ಉಗುಳಿದ. ಜ್ವರ ಎಂಬ ಮಾತು ನಮ್ಮ ಮನೆಯಲ್ಲಿ ಬರೀ ಜ್ವರವಲ್ಲ. ಅವ್ವ ಮೂಲೆಗೆ ಕೂತುಬಿಟ್ಟಳು. ನಾನೂ ಮಾವನೂ ಇ-ರಿಕ್ಷಾ ಹಿಡಿದು ದವಾಖಾನೆಗೆ ಓಡಿದೆವು. ದಾರಿಯುದ್ದಕ್ಕೂ ಮಾವ ಒದ್ದೆ ಕರವಸ್ತ್ರ ಹಿಂಡಿ ಹಿಂಡಿ ಕೊಡುತ್ತಿದ್ದ. ಡಾಕ್ಟರು ಮುದುಕ, "ತಾಯಿ ಯಾರು?" ಎಂದು ಹಿಂದಿಯಲ್ಲಿ ಕೇಳಿದ. ನಾನು "ನಾನೇ" ಅಂದೆ. ಯೋಚಿಸಲಿಲ್ಲ, ನಾಲಗೆ ತಡೆಯಲಿಲ್ಲ. ಏನು ತಿಂದ, ಎಷ್ಟು ಸಲ ಹೊರಗೆ ಹೋದ, ಯಾವ ಔಷಧಿ ಆಗಿಬರುವುದಿಲ್ಲ, ಎಲ್ಲ ನಾನೇ ಹೇಳಿದೆ. ಪಕ್ಕದಲ್ಲಿ ನಿಂತ ಹೆತ್ತಪ್ಪನಿಗೆ ಒಂದೂ ಗೊತ್ತಿರಲಿಲ್ಲ. ಹಲ್ಲಿನ ಜ್ವರ, ಹೆದರಬೇಡಿ ಎಂದು ಡಾಕ್ಟರು ಔಷಧಿ ಕೊಟ್ಟ.

ಸಂಜೆಗೆ ಮೈ ತಣ್ಣಗಾಯಿತು. ನನ್ನ ಎದೆಯ ಮೇಲೆ ಬೆವತು ಮಲಗಿದ ಅವನ ಎಡಗಿವಿ ತಿಕ್ಕುತ್ತ ನಾನು ಒಂದು ತೀರ್ಮಾನಕ್ಕೆ ಬಂದೆ. ಇವನನ್ನು ಬಿಟ್ಟು ನನಗಾಗುವುದಿಲ್ಲ. ಇವನ ಜೊತೆ ಇವನಪ್ಪ ಬರುವುದಾದರೆ ಬರಲಿ. ಕೆಟ್ಟವನೇನಲ್ಲ. ಒದ್ದೆ ಕರವಸ್ತ್ರ ಹಿಂಡಿಕೊಟ್ಟವನು. ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡಿದ್ದವನು. ಪ್ರೀತಿ ಗೀತಿ ಇಲ್ಲದೆ ಎಷ್ಟು ಮನೆಗಳು ನಡೆದಿಲ್ಲ! ಚೀಲದ ತಳದಿಂದ ನೀಲಿ ಶಾಲು ತೆಗೆದು ಹೊದ್ದುಕೊಂಡೆ.

ಮರುದಿನ ಬೆಳಿಗ್ಗೆ ಅಪ್ಪ ಅವ್ವ ಅಶೋಕನ ಕಂಬದ ಕಡೆ ಹೋದರು. ಮಾವ ಕೊಳದ ದಂಡೆಯ ದೊಡ್ಡ ಆಲದ ಹಾಗಿನ ಬೋಧಿ ಮರದ ಕೆಳಗೆ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ತಿನ್ನಿಸುತ್ತಿದ್ದ. ಗಂಜಿಯಲ್ಲಿ ಒಂದೂ ಗಂಟಿರಲಿಲ್ಲ. ಮೇಲೆ ಬಣ್ಣಬಣ್ಣದ ಪತಾಕೆಗಳು ಪಟಪಟ ಅನ್ನುತ್ತಿದ್ದವು. ಎದುರಿಗೆ ಹೋಗಿ ಕೂತೆ.

"ಮಾವ, ಯುಗಾದಿಗೆ ನಾ ಅಂದಿದ್ದು ಬಿಟ್ಟಬಿಡ್ರಿ. ನಾ ಒಪ್ಪೇನಿ."

ಅವನು ಚಮಚ ಹಿಡಿದ ಕೈ ನಿಲ್ಲಿಸಿದ. "ಏನ ಒಪ್ಪೀ?"

"ಏನಂದ್ರ? ಲಗ್ನಕ್ಕ. ಇಷ್ಟೆಲ್ಲಾ ಅದಕ್ಕ ಅಲ್ಲೇನ್ರಿ ಮಾಡಾಕತ್ತಿದ್ದು ನೀವು? ಗಂಜಿ ಕಲಸೂದು, ಲಂಗೋಟಿ ಒಗಿಯೂದು, ಶಾಲು ಕೊಡಸೂದು."

ಮಾವನ ಮುಖದ ಬಣ್ಣ ಹೋಯಿತು. ಕೂಸು ಚಮಚಕ್ಕೆ ಬಾಯಿ ತೆರೆದೇ ಕೂತಿತ್ತು.

"ಪ್ರಜ್ಞಾ, ನಿನಗ ಮನ್ಯಾಗ ಯಾರೂ ಹೇಳಿಲ್ಲೇನು?"

"ಏನು?"

"ದೀಪಾವಳಿ ಆದ ಮ್ಯಾಲ ನಂದು ಲಗ್ನ ಐತಿ. ಇಂಡಿ ಹುಡುಗಿ, ರಾಜಶ್ರೀ ಅಂತ. ಇಲ್ಲಿಂದ ತಿರುಗಿ ಹೋಗೂವಾಗ ಸಿಂದಗಿಯಿಂದನ ಕೂಸನ್ನ ಮುದ್ದೇಬಿಹಾಳಕ್ಕ ಕರ್ಕೊಂಡು ಹೋಗೂದಂತ ಮಾತಾಗೈತಿ. ಲಗ್ನದ ತನಕ ಸಿದ್ದಲಿಂಗವ್ವತ್ತಿ ಬಂದಿರ್ತಾಳ." ಅವನು ತಲೆ ತಗ್ಗಿಸಿದ. "ನನಗ ಕೂಸಿನ ಬಳಕಿ ಆಗಲಿ ಅಂತ ಎಲ್ಲಾ ಕಲಿಯಾಕತ್ತಿದ್ದೆ. ನೀನೂ ಇವನ ಕೂಡ ನಾಕು ದಿನ ಸಂತೋಷಲೆ ಇರಬೇಕು ಅಂತ ಕರ್ಕೊಂಡು ಬಂದೆ. ನಿನಗ ಗೊತ್ತೈತಿ ಅಂತನ ತಿಳ್ಕೊಂಡಿದ್ದೆ."

ನನಗೆ ಮೊದಲು ಬಂದದ್ದು ನಾಚಿಕೆ. ಯಾರೂ ಎಸೆಯದ ಬಲೆಗೆ ನಾನೇ ಹೋಗಿ ಕಾಲು ಕೊಟ್ಟು ಕೂತಿದ್ದೆ. ಆಮೇಲೆ ಕೂಸಿನ ಮುಖ ನೋಡಿದೆ, ನಾಚಿಕೆ ಎಲ್ಲೋ ಹೋಯಿತು.

"ಆಕಿಗೆ ಬ್ಯಾಡ ಅಂತ ಹೇಳ್ರಿ."

"ಆಕಿಗೆ ಮೊದ್ಲ ಒಂದ ಲಗ್ನ ಆಗಿತ್ತು. ಮಕ್ಕಳಾಗಲಿಲ್ಲಂತ ಆಂವ ಬಿಟ್ಟಾನ. ಸಮ್ಯಕನ ಫೋಟೋ ನೋಡಿ ಹೂಂ ಅಂದಾಳ ಆಕಿ, ನನ್ನ ನೋಡಿ ಅಲ್ಲ. ಒಬ್ಬ ಬಿಟ್ಟಾಕಿನ್ನ ನಾನೂ ಬಿಡಲೇನು?"

ಎಲ್ಲರ ಬಾಯಿ ಮುಚ್ಚಿಸುವ ನನಗೆ ಬೈಯಲು ಕೆಟ್ಟವರು ಒಬ್ಬರೂ ಸಿಗಲಿಲ್ಲ.

"ಹಂಗಾರ ಕೂಸನ್ನರೆ ಬಿಡ್ರಿ ಮಾವ. ನಿಮ್ಮ ಕಾಲು ಹಿಡೀತೇನಿ."

"ಸಾಕ್ಷಿ ನನಗಂತ ಬಿಟ್ಟು ಹೋಗಿದ್ದು ಇದೊಂದ, ಪ್ರಜ್ಞಾ." ಅವನು ಅಳುತ್ತಿದ್ದ. ಕೂಸು ಅವನ ಗಲ್ಲದ ಮೇಲಿನ ನೀರನ್ನು ಬೆರಳಲ್ಲಿ ಮುಟ್ಟಿ ಬಾಯಿಗೆ ಹಾಕಿಕೊಂಡಿತು.

ಅಪ್ಪ ಅವ್ವನ ಮೇಲೆ ನನ್ನ ಬಾಯಿ ಹರಿದದ್ದು ಸೋನೌಲಿಯ ಗೇಟಿನಲ್ಲಿ, ಎರಡೂ ದೇಶದ ಪೊಲೀಸರ ಎದುರು.

"ನಿಮ್ಮಪ್ಪ ಹೇಳ್ತೇನಿ ಅಂದಿದ್ರು" ಅಂದಳು ಅವ್ವ.

"ನಾ ಯಾವಾಗ ಅಂದೆ? ಹೆಣ್ಮಕ್ಕಳ ಮಾತು, ನೀ ಹೇಳಿರ್ತಿ ಅಂತ ತಿಳ್ಕೊಂಡೆ" ಅಂದ ಅಪ್ಪ.

"ಈಕಿ ಬಾಯಿಗೆ ಯಾರರೆ ಹೋಗ್ತಾರ್ರಿ! ಹೊಳಿ ಮ್ಯಾಲ ಕೊಬ್ಬರಿ ಕೈಯಾಗ ಇಟ್ಟೆ, ತಾಯಿಯಾಗಿ ಒಮ್ಮೆರೆ ಎಸೀಲಿ ಅಂತ. ಈಕಿಗೆ ತಿಳದಿರಬೇಕು ಅಂದ್ಕೊಂಡೆ." ಅವ್ವ ಗೇಟಿನ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಸಣ್ಣ ಜಬಲಾ ಚೀಲಕ್ಕೆ ಯಾಕೆ ಬಂತೆಂದು ನನಗೆ ಆಗ ಹೊಳೆಯಿತು. ಅವ್ವನಿಗೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಧೈರ್ಯ ಇರಲಿಲ್ಲ, ಅಷ್ಟೇ. ಅವಳ ಪಕ್ಕ ಕೂತೆ. ಬೈಯುವುದನ್ನು ಬಿಟ್ಟೆ.

ತಿರುಗಿ ಬರುವ ರೈಲಿನಲ್ಲಿ ಮಾವನಿಗೆ ಉಳಿದದ್ದನ್ನೆಲ್ಲ ನಾನೇ ಕರೆದು ಕಲಿಸಿದೆ. ಎಣ್ಣೆ ಹಚ್ಚುವಾಗ ಎಡಗಾಲಿನಿಂದ ಶುರು ಮಾಡಬೇಕು. ತಲೆಗೆ ನೀರು ಹಾಕುವಾಗ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಮುನಿಸಿಕೊಂಡರೆ ಸ್ಟೀಲ್ ಲೋಟ, ಅದರೊಳಗೆ ಚಮಚ. ಅವನು ತಲೆ ಅಲ್ಲಾಡಿಸುತ್ತ ಕೇಳಿಕೊಂಡ. ಎಡಗಿವಿ ಮಾತ್ರ ನನ್ನ ಬಳಿಯೇ ಇಟ್ಟುಕೊಂಡೆ. ನನ್ನ ಲೆಕ್ಕ ಸರಳವಾಗಿತ್ತು. ಕೂಸು ಮಲಗುವುದಿಲ್ಲ. ಅತ್ತು ಅತ್ತು ಮುದ್ದೇಬಿಹಾಳದವರ ನಿದ್ದೆ ಕೆಡಿಸುತ್ತದೆ. ಆಗ ಫೋನ್ ಬರುತ್ತದೆ: ಪ್ರಜ್ಞಾ, ನೀನೇ ಬಾ. ಅಷ್ಟು ಸಾಕಿತ್ತು ನನಗೆ.

ಸೊಲ್ಲಾಪುರದಿಂದ ಹಿಡಿದ ಬಸ್ಸು ಇಂಡಿಯಲ್ಲಿ ನಿಂತಾಗ ಕಿಟಕಿಯ ಕೆಳಗೆ ಒಬ್ಬಳು ಬಂದು ನಿಂತಳು. ಸಾದಾ ಹತ್ತಿ ಸೀರೆ, ಕೈಯಲ್ಲಿ ಸಣ್ಣ ಡಬ್ಬಿ. ಮಾವ ಎದ್ದು ನಿಂತ, ಹೀಗಾಗಿ ರಾಜಶ್ರೀ ಇವಳೇ ಎಂದು ತಿಳಿಯಿತು. ಅವಳು ಮಾವನನ್ನು ನೋಡಲಿಲ್ಲ. ಕೂಸನ್ನು ಕೊಡಿ ಎಂದೂ ಕೇಳಲಿಲ್ಲ. "ಜ್ವರ ಬಂದಿತ್ತಂತ ಕೇಳಿದೆ. ಈಗ ಆರಾಮ ಅದಾನೇನ್ರಿ?" ಎಂದು ನನ್ನನ್ನು ಕೇಳಿದಳು. ನಾನು ಹೂಂ ಅಂದೆ. ಡಬ್ಬಿಯಲ್ಲಿ ಮೆತ್ತಗೆ ಬೇಯಿಸಿದ ನುಚ್ಚು ಇತ್ತು. ಸರಳಿನ ಒಳಗೆ ಅವಳು ಒಂದು ಬೆರಳು ತೂರಿಸಿದಳು. ಸಮ್ಯಕ ಅದನ್ನು ಹಿಡಿದುಕೊಂಡ. ಬಸ್ಸು ಹೊರಡುವವರೆಗೂ ಅವಳು ಬೆರಳು ಕದಲಿಸಲಿಲ್ಲ. ಅವಳನ್ನು ದ್ವೇಷಿಸಲು ದಾರಿಯುದ್ದಕ್ಕೂ ಪ್ರಯತ್ನಪಟ್ಟೆ. ಆಗಲಿಲ್ಲ.

ಸಿಂದಗಿ ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಗಾಡಿ ಹಚ್ಚಿತ್ತು. ಅಪ್ಪ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ, ಎರಡೂ ಚೀಲಗಳನ್ನು ಮೇಲಿಟ್ಟ, ಹಿಂದಿನ ಗಾಲಿಯ ಮೇಲೆ ಕೂರಬೇಡ, ಕೂಸಿಗೆ ಕುಲುಕುತ್ತದೆ ಎಂದ. ಅವ್ವ ಕೆಳಗೇ ಉಳಿದಳು. ನಾನು ಹತ್ತಿ ಸಮ್ಯಕನನ್ನು ಮಾವನ ತೊಡೆಯ ಮೇಲೆ ಕೂರಿಸಿದೆ. ನೀಲಿ ಶಾಲನ್ನು ಕೂಸಿಗೆ ಸುತ್ತಿದೆ. ಮಾವ ಏನೋ ಹೇಳಲು ಹೋದ. "ಸುಮ್ನಿರ್ರಿ" ಅಂದೆ. ಕಂಡಕ್ಟರ್ ಗಂಟೆ ಎಳೆದ, ಇಳಿದೆ.

ಇಳಿದದ್ದೇ ತಡ ಕೂಸಿಗೆ ತಿಳಿಯಿತು. ಸರಳು ಹಿಡಿದು ನಿಂತು ನನ್ನನ್ನು ನೋಡಿ ಕಿರುಚಿತು. ಮುಖ ಕೆಂಪಾಗಿ, ಉಸಿರು ಸಿಕ್ಕಿ, ಮತ್ತೆ ಕಿರುಚಿತು. ಮಾವ ಎದೆಗೆ ಅಪ್ಪಿಕೊಂಡು, ನಾನು ಕಲಿಸಿದ ಹಾಗೆಯೇ ಬೆನ್ನು ತಟ್ಟುತ್ತ ಶುರು ಮಾಡಿದ: "ಆಲಮೇಲ, ಸಿಂದಗಿ, ದೇವರ ಹಿಪ್ಪರಗಿ, ಬಾಗೇವಾಡಿ..." ಒಂದೂ ತಪ್ಪಲಿಲ್ಲ. ಕೂಸಿನ ಅಳು ನಿಲ್ಲಲಿಲ್ಲ. ಬೆನ್ನು ಹಿಂದಕ್ಕೆ ಬಗ್ಗಿಸಿ ನನ್ನ ಕಡೆ ಕೈ ಚಾಚಿತು. ನಾನು ಲೆಕ್ಕ ಹಾಕಿದ್ದು ಹೀಗೆಯೇ ಆಗಬೇಕೆಂದು, ಹಾಗೆಯೇ ಆಗುತ್ತಿತ್ತು. ಫೋನ್ ಬರುವವರೆಗೂ ಕಾಯುವುದು ಬೇಕಾಗಿರಲಿಲ್ಲ. ಇನ್ನೊಂದು ಗಳಿಗೆ ಸುಮ್ಮನೆ ನಿಂತಿದ್ದರೆ ಮಾವ ಬಸ್ಸು ನಿಲ್ಲಿಸಿ ಇಳಿಯುತ್ತಿದ್ದ, ಅವನ ಮುಖದಲ್ಲಿ ಅದು ಕಾಣುತ್ತಿತ್ತು.

ಆದರೆ ಕೂಸಿನ ಗಂಟಲು ಒಡೆದಿತ್ತು. ನಿನ್ನೆ ಮೊನ್ನೆ ಜ್ವರದಿಂದ ಎದ್ದ ಕೂಸು.

ಬಸ್ಸು ಉರುಳತೊಡಗಿತ್ತು. ಕಲಬುರಗಿ ಗಾಡಿಗೆ ಓಡುವವರನ್ನು ನೂಕಿಕೊಂಡು ಕಿಟಕಿಯ ಜೊತೆ ಓಡಿದೆ.

"ಎಡಗಿವಿ! ಮಾವ, ಎಡಗಿವಿ ತಿಕ್ಕ್ರಿ! ತುದಿ, ಮೆತ್ತಗ! ಬಲಗಡೆದು ಅಲ್ಲ, ಎಡಗಡೆದು!"

ಮಾವನಿಗೆ ಕೇಳಿತು. ಶಾಲಿನ ಮರೆಯಲ್ಲಿ ಅವನ ಬೆರಳು ಕಿವಿಗೆ ಹೋದದ್ದು ಕಂಡಿತು. ಕೂಸು ಒಮ್ಮೆ ಬಿಕ್ಕಿತು. ಚಾಚಿದ್ದ ಕೈ ಮಡಿಚಿಕೊಂಡಿತು. ಬಾಯಿ ಮುಚ್ಚಿ, ಯಾವುದೋ ಗುರುತು ಸಿಕ್ಕವರ ಹಾಗೆ ತನ್ನ ಅಪ್ಪನ ಹೆಗಲ ಮೇಲೆ ತಲೆ ಇಟ್ಟಿತು. ಮುಖ ಆ ಕಡೆ ಮಾಡಿತು. ನನ್ನ ಕಡೆ ಮತ್ತೆ ನೋಡಲಿಲ್ಲ.

ನಮ್ಮಪ್ಪ ಬಂದು ನನ್ನ ಪಕ್ಕ ನಿಂತ. ಆಲಮೇಲದ ಗಾಡಿ ಬಂದಿದೆ ಅಂದ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಎರಡು ಬೆರಳು ತಮ್ಮಷ್ಟಕ್ಕೇ ಒಂದನ್ನೊಂದು ತಿಕ್ಕುತ್ತಿದ್ದವು.

"ಮಲಗಿದನೇನು?" ಎಂದು ಅಪ್ಪ ಕೇಳಿದ.

"ಬಾಗೇವಾಡಿ ದಾಟೂದ್ರಾಗ ಮಲಗತಾನ" ಅಂದೆ.